ಮಕ್ಕಳು ಮೊದಲು ನಿಲ್ಲುವ ಸಾಲು

ಮಲವಗೊಪ್ಪ

ನನ್ನ ತಂಗಿ ಸುಗುಣಾಳ ಮಂಡಿ ಆಪರೇಷನ್ ಆಗದೇ ಇದ್ದಿದ್ದರೆ ನಾನು ಜಾರ್ಜಿಯಾ ಎಂಬ ದೇಶವನ್ನು ನೋಡುತ್ತಲೇ ಇರಲಿಲ್ಲ. ಅವಳ ಮಗಳು ಶೆರಿನ್ ಆ ದೇಶದ ರಾಜಧಾನಿ ತ್ಬಿಲಿಸಿಯಲ್ಲಿ ಆರು ವರ್ಷ ಡಾಕ್ಟರಿಕೆ ಓದಿ ಮುಗಿಸಿದ್ದಳು. ಪದವಿ ಕೊಡುವ ದಿನ ಮನೆಯವರೊಬ್ಬರಾದರೂ ಎದುರಿಗೆ ಕೂತಿರಬೇಕು ಎಂಬುದು ಅವಳ ಹಟ. ಸುಗುಣಾ ಶಿವಮೊಗ್ಗದ ಸವಳಂಗ ರಸ್ತೆಯ ಮನೆಯಲ್ಲಿ ಕಾಲು ಚಾಚಿ ಮಲಗಿದ್ದಳು. ಅವಳನ್ನು ಎಬ್ಬಿಸಿ ಕೂರಿಸುವ ಕೆಲಸ ಅವಳ ಗಂಡನದು. ಉಳಿದವಳು ನಾನು.

“ಹೋಗಿ ಬಾರಕ್ಕ,” ಎಂದಳು ಸುಗುಣಾ. “ನಿನಗೇನು ಮಾರಾಯ್ತಿ, ಗಂಡನಾ ಮಕ್ಕಳಾ? ಬೀಗ ಹಾಕಿ ಹೊರಟ್ರೆ ಆಯ್ತು.”

ಮಾತು ಚುಚ್ಚಿದರೂ ಸುಳ್ಳಾಗಿರಲಿಲ್ಲ. ನಾನು ಮದುವೆಯಾಗಲಿಲ್ಲ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದೆ. ಭಾನುವಾರ ಬಂದರೆ ಮಲವಗೊಪ್ಪದಿಂದ ಬಸ್ಸು ಹತ್ತಿ ಭದ್ರಾವತಿಯ ಕಾರ್ಖಾನೆ ಕಾಲೊನಿಯ ನಮ್ಮ ಚರ್ಚಿಗೆ ಹೋಗುತ್ತೇನೆ. ಅಲ್ಲಿನ ಸಂಡೇ ಸ್ಕೂಲು ಮೂವತ್ತು ವರ್ಷಗಳಿಂದ ನನ್ನ ಕೈಯಲ್ಲಿದೆ. ಈಗ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರಲ್ಲಿ ಅರ್ಧದಷ್ಟು ಜನ ನನ್ನ ಮುಂದೆ ಚಾಪೆಯ ಮೇಲೆ ಕೂತು ಹಾಡು ಕಲಿತವರು. ಹಾಗಾಗಿ, ಮಕ್ಕಳ ವಿಷಯದಲ್ಲಿ ಕರುಣಾ ಟೀಚರ್ ಕಲಿಯಬೇಕಾದ್ದು ಇನ್ನೇನೂ ಉಳಿದಿಲ್ಲ ಎಂಬ ಧೈರ್ಯದಲ್ಲಿ ನಾನಿದ್ದೆ.

ಎದುರುಮನೆಯ ಗೌರಮ್ಮ ಗೇಟಿನ ಹತ್ತಿರ ಬಂದು, “ಅಮೆರಿಕಾಕ್ಕಂತೆ ಟೀಚರ್?” ಎಂದು ಕೇಳಿದರು.

“ಅಲ್ಲಮ್ಮ, ಅದು ಬೇರೆ ಜಾರ್ಜಿಯಾ. ಇದು ಟರ್ಕಿ ಪಕ್ಕದ್ದು.”

“ಯಾವ್ದಾದ್ರೇನು, ಸ್ವೆಟರ್ ತಗೊಂಡು ಹೋಗಿ.”

ತೆಗೆದುಕೊಂಡು ಹೋದೆ. ಅಲ್ಲಿ ಜೂನ್ ತಿಂಗಳಲ್ಲಿ ಭದ್ರಾವತಿಯ ಏಪ್ರಿಲ್ ಬಿಸಿಲಿತ್ತು. ಸ್ವೆಟರ್ ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ.

ತ್ಬಿಲಿಸಿ

ಶೆರಿನ್ ಬಾಡಿಗೆಗಿದ್ದದ್ದು ಒಂದು ಹಳೆಯ ವಠಾರದಲ್ಲಿ. ನಡುವೆ ಅಂಗಳ, ಸುತ್ತಲೂ ಓಲಾಡುವ ಮರದ ಮೆಟ್ಟಿಲು, ಎಲ್ಲರ ಬಟ್ಟೆಯೂ ಒಂದೇ ಹಗ್ಗದ ಮೇಲೆ. ಮೂಲೆಯಲ್ಲಿ ದೊಡ್ಡದೊಂದು ಹಿಪ್ಪುನೇರಳೆ ಮರ. ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುವ ಮೊಳಕಾಲೆತ್ತರದ ಗಿಡವನ್ನಷ್ಟೇ ನೋಡಿದ್ದ ನನಗೆ ಅದು ಹಿಪ್ಪುನೇರಳೆ ಎಂದು ನಂಬಲು ಹಣ್ಣನ್ನು ಬಾಯಿಗೆ ಹಾಕಿಕೊಳ್ಳಬೇಕಾಯಿತು. ಹಣ್ಣು ಯಾರ ಸೊತ್ತೂ ಅಲ್ಲ. ನೆಲವೆಲ್ಲ ನೇರಳೆ ಬಣ್ಣ, ವಠಾರದ ಮಕ್ಕಳ ಬಾಯಿಯೂ ಅದೇ ಬಣ್ಣ.

ಅಂಗಡಿಗಳ ಬೋರ್ಡು ನೋಡಿ ಮೊದಲ ದಿನವೇ ಮೋಸ ಹೋದೆ. ಆ ದೇಶದ ಅಕ್ಷರಗಳು ನಮ್ಮ ಅಕ್ಷರಗಳ ಹಾಗೆಯೇ ದುಂಡು ದುಂಡು. ರಸ್ತೆಯ ಆ ಬದಿಯಿಂದ ನೋಡಿದರೆ ಯಾರೋ ಕನ್ನಡದಲ್ಲೇ ಬರೆದಿದ್ದಾರೆ ಅನ್ನಿಸುತ್ತದೆ. ಹತ್ತಿರ ಹೋದರೆ ಒಂದಕ್ಷರವೂ ದಕ್ಕುವುದಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದವಳು ಅಂಗಡಿಯ ಮುಂದೆ ಅನಕ್ಷರಸ್ಥಳಾಗಿ ನಿಂತೆ. ಚಿತ್ರ ನೋಡಿ ಹಾಲೆಂದು ತಂದದ್ದು ಮೊಸರಾಗಿತ್ತು. ಅದನ್ನು ಕುದಿಯುವ ಚಹಾಕ್ಕೆ ಸುರಿದೆ. ಪಾತ್ರೆಯಲ್ಲಿ ಉಂಟಾದದ್ದನ್ನು ನಾನು ಬಾಗಿಲಾಚೆ ಚೆಲ್ಲುವಾಗ ಎದುರು ಬಾಲ್ಕನಿಯಿಂದ ಒಬ್ಬ ಮುದುಕಿ ಗಹಗಹಿಸಿ ನಕ್ಕಳು. ಹತ್ತು ನಿಮಿಷದಲ್ಲಿ ಒಂದು ಜಗ್ಗು ಹಾಲು ಹಿಡಿದು ಮೆಟ್ಟಿಲಿಳಿದು ಬಂದಳು.

ಮನೆಯ ಒಡತಿ ಅವಳೇ. ಹೆಸರು ಮನನಾ, ವಯಸ್ಸು ಎಪ್ಪತ್ತು ದಾಟಿತ್ತು. ಅಜ್ಜಿಗೆ ಅಲ್ಲಿ ‘ಬೆಬೊ’ ಎನ್ನುತ್ತಾರೆ. ಶೆರಿನ್ ಅವರನ್ನು ಹಾಗೆಯೇ ಕರೆಯುತ್ತಿದ್ದಳು. ಶೆರಿನ್ ಆ ಭಾಷೆಯನ್ನು ಸೊಗಸಾಗಿ ಕಲಿತಿದ್ದರಿಂದ ನಮ್ಮಿಬ್ಬರ ಮಾತುಕತೆಗೆ ಅವಳೇ ಸೇತುವೆ.

ಸಂಜೆ ಅಂಗಳದಲ್ಲಿ ಪುಟ್ಟ ಹುಡುಗಿಯೊಬ್ಬಳು “ಮಾಮಾ! ಮಾಮಾ!” ಎಂದು ಕೂಗಿದಳು. ಗಡ್ಡದ ಗಂಡಸೊಬ್ಬ ಓಡಿಬಂದು ಅವಳನ್ನು ಎತ್ತಿಕೊಂಡ.

“ಎಷ್ಟು ಪ್ರೀತಿ ನೋಡೇ ಮಾವನಿಗೆ,” ಎಂದೆ.

“ದೊಡ್ಡಮ್ಮ, ಅದು ಅವಳ ಅಪ್ಪ. ಇಲ್ಲಿ ಅಪ್ಪನಿಗೆ ಮಾಮಾ ಅಂತಾರೆ. ಪಾದ್ರಿನೂ ಹಾಗೇ ಕರೆಯೋದು, ಮಮಾವೊ ಅಂತ.”

ನಮ್ಮ ಪಾಸ್ಟರನ್ನು ಮಾವ ಎಂದು ಕರೆಯುವುದನ್ನು ಊಹಿಸಿಕೊಂಡು ನಾನು ಬಹಳ ಹೊತ್ತು ನಕ್ಕೆ.

ವ್ಯಾನಿನಲ್ಲಿ

ಪದವಿ ಸಮಾರಂಭ ಚೆನ್ನಾಗಿ ನಡೆಯಿತು. ಶೆರಿನ್ ಕಪ್ಪು ಗೌನು ತೊಟ್ಟು ವೇದಿಕೆ ಹತ್ತಿದಾಗ ಸುಗುಣಾಳ ಪಾಲಿನ ಅಳುವನ್ನೂ ನಾನೇ ಅತ್ತೆ. ಮರುದಿನ ಅವಳು ನನ್ನನ್ನು ಹತ್ತಿರದ ಮ್ತ್ಸ್ಖೇತ ಎಂಬ ಹಳೆಯ ಊರಿಗೆ ಹೊರಡಿಸಿದಳು. ಈ ಹೆಸರನ್ನು ಉಚ್ಚರಿಸಲು ನಾನು ಮೂರು ದಿನ ಪ್ರಯತ್ನಿಸಿ ಕೈಬಿಟ್ಟೆ.

ಹೋದದ್ದು ಮ್ಯಾಕ್ಸಿಕ್ಯಾಬಿನಂಥ ವ್ಯಾನಿನಲ್ಲಿ. ಎರಡು ಮಕ್ಕಳೊಂದಿಗೆ ಹತ್ತಿದ ಒಬ್ಬಾಕೆ ಸೀಟಿಲ್ಲದ್ದು ನೋಡಿ, ನನ್ನನ್ನೊಂದು ಮಾತೂ ಕೇಳದೆ, ನಾಲ್ಕು ವರ್ಷದ ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಿ ಹಿಂದಕ್ಕೆ ಹೋಗಿಬಿಟ್ಟಳು. ಭದ್ರಾವತಿ ಬಸ್ಸಿನಲ್ಲೂ ಒಂದು ಕಾಲಕ್ಕೆ ಹೀಗೇ ಇತ್ತು. ಕಿಟಕಿಯಿಂದಲೇ ಮಗುವನ್ನು ಒಳಗೆ ಕೊಡುತ್ತಿದ್ದರು, ಕೂತವರು ಇಸಿದುಕೊಳ್ಳುತ್ತಿದ್ದರು. ಈಗ ನಾವು ಕೊಡಲೂ ಹೆದರುತ್ತೇವೆ, ಇಸಿದುಕೊಳ್ಳಲೂ ಹೆದರುತ್ತೇವೆ.

ದಾರಿಯಲ್ಲಿ ಗುಡ್ಡದ ಮೇಲೆ ಚರ್ಚು ಕಂಡಾಗಲೆಲ್ಲ ವ್ಯಾನಿನವರೆಲ್ಲ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಡ್ರೈವರ್ ಕೂಡ ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ಹಾಕಿಕೊಂಡ. ನಮ್ಮ ಸಭೆಯಲ್ಲಿ ಆ ಪದ್ಧತಿ ಇಲ್ಲ, ನಾನು ಸುಮ್ಮನೆ ಕೂತಿದ್ದೆ. ತೊಡೆಯ ಮೇಲಿದ್ದ ಮಗು ತಿರುಗಿ ನನ್ನ ಮುಖ ನೋಡಿತು. ಈ ಅಜ್ಜಿಗೆ ಗೊತ್ತಿಲ್ಲ ಎಂದು ತೀರ್ಮಾನಿಸಿ, ನನ್ನ ಬಲಗೈ ಹಿಡಿದು ಹಣೆಗೆ ಮುಟ್ಟಿಸಿ, ಹೊಟ್ಟೆಗೆ ಮುಟ್ಟಿಸಿ, ಬಲ ಭುಜಕ್ಕೆ, ಆಮೇಲೆ ಎಡ ಭುಜಕ್ಕೆ ತಂದಿತು. ನಾನು ಎಡದಿಂದ ಬಲಕ್ಕೆ ಎಳೆಯಲು ಹೋದರೆ ತಲೆಯಲ್ಲಾಡಿಸಿ ಮತ್ತೆ ತಿದ್ದಿತು. ಅಷ್ಟು ವರ್ಷದ ಸಂಡೇ ಸ್ಕೂಲ್ ಟೀಚರಿಗೆ ಹೀಗೆ ಪಾಠವಾಯಿತು. ಹಿಂದಿನ ಸೀಟಿನ ಗಂಡಸರು ಖುಷಿಯಿಂದ ಚಪ್ಪಾಳೆ ತಟ್ಟಿದರು.

ಭಾನುವಾರ

ಭಾನುವಾರ ಮನನಾ ಬೆಬೊ ನಮ್ಮನ್ನು ತಮ್ಮ ಬೀದಿಯ ಚರ್ಚಿಗೆ ಕರೆದೊಯ್ದರು. ಹೆಂಗಸರು ತಲೆ ಮುಚ್ಚಿಕೊಳ್ಳಬೇಕು. ಮರೆತು ಬಂದವರಿಗೆಂದು ಬಾಗಿಲಲ್ಲಿ ಸ್ಕಾರ್ಫುಗಳ ಬುಟ್ಟಿ ಇಟ್ಟಿದ್ದರು. ನಾನು ಸೆರಗು ಎಳೆದುಕೊಂಡೆ. ಬುಟ್ಟಿ ಕಾಯುತ್ತಿದ್ದ ಮುದುಕಿ ಮೆಚ್ಚಿ ತಲೆದೂಗಿದಳು.

ಒಳಗೆ ಬೆಂಚುಗಳಿಲ್ಲ. ಎರಡು ತಾಸಿನ ಆರಾಧನೆಗೆ ಎಲ್ಲರೂ ನಿಂತೇ ಇರುತ್ತಾರೆ, ಕೈಲಾಗದವರಿಗೆ ಗೋಡೆಯ ಬದಿಗೆ ಒಂದೆರಡು ಹಲಗೆ. ಮೂರು ದನಿಗಳು ಹೆಣೆದ ಹಾಡು ಗುಮ್ಮಟಕ್ಕೆ ಏರುತ್ತಿತ್ತು. ಆದರೆ ನನ್ನ ಕಣ್ಣೆಲ್ಲ ನೆಲದ ಮೇಲೆ. ಮಕ್ಕಳು ಎಲ್ಲೆಂದರಲ್ಲಿ! ಒಬ್ಬಳು ಕಂಬಕ್ಕೊರಗಿ ಬಾಳೆಹಣ್ಣು ತಿನ್ನುತ್ತಿದ್ದಳು. ಇಬ್ಬರು ಮೇಣದ ಬತ್ತಿಯ ಹನಿಗಳನ್ನು ಕೆದಕಿ ಉಂಡೆ ಕಟ್ಟುತ್ತಿದ್ದರು. ತೆವಳುವ ಕೂಸೊಂದು ನೇರ ಬಲಿಪೀಠದ ಕಡೆಗೆ ಹೊರಟಿತ್ತು. ಧೂಪದ ಪಾತ್ರೆ ಬೀಸುತ್ತ ಬಂದ ಪಾದ್ರಿ ಅದನ್ನು ನೋಡಿ, ನಿಲುವಂಗಿ ಎತ್ತಿ ಹಿಡಿದು, ಹುಷಾರಾಗಿ ದಾಟಿ ಮುಂದೆ ಹೋದರು.

ನನ್ನ ನಾಲಿಗೆಯ ತುದಿಗೆ “ಶ್!” ಬಂದು ನಿಂತಿತ್ತು. ನಮ್ಮಲ್ಲಿ ಒಳ್ಳೆಯ ಮಗು ಎಂದರೆ ಸದ್ದು ಮಾಡದ ಮಗು. ಪಾಸ್ಟರ್ ಪ್ರಸಂಗಕ್ಕೆ ನಿಲ್ಲುವ ಮೊದಲು ನಾನು ಮಕ್ಕಳನ್ನೆಲ್ಲ ಸಾಲಾಗಿ ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕುತ್ತೇನೆ. ದೊಡ್ಡವರ ಆರಾಧನೆಗೆ ತೊಂದರೆಯಾಗದಂತೆ ನೋಡಿಕೊಳ್ಳುತ್ತೇನೆಂದು ಹಿರಿಯರು ನನ್ನನ್ನು ಎಷ್ಟೋ ಸಲ ಹೊಗಳಿದ್ದಾರೆ.

ಪ್ರಭುಭೋಜನದ ಹೊತ್ತು ಬಂತು. ಪಾದ್ರಿ ಬಟ್ಟಲು ಹಿಡಿದು ಹೊರಗೆ ಬಂದರು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಮೊದಲು ಕಂಕುಳ ಕೂಸುಗಳು, ಅವುಗಳ ಹಿಂದೆ ನಡೆಯುವ ಮಕ್ಕಳು. ದೊಡ್ಡವರೆಲ್ಲ ಕಾಯಬೇಕು. ಗಲ್ಲದ ಕೆಳಗೆ ಕೆಂಪು ವಸ್ತ್ರ ಹಿಡಿದು, ದ್ರಾಕ್ಷಾರಸದಲ್ಲಿ ನೆನೆದ ರೊಟ್ಟಿಯ ಚೂರನ್ನು ಪುಟ್ಟ ಚಮಚದಿಂದ ಬಾಯಿಗಿಡುತ್ತಿದ್ದರು, ಒಂದೊಂದು ಮಗುವಿನ ಹೆಸರನ್ನೂ ಕರೆದು. ಒಂದು ಕೂಸು ಬಾಯಿ ಬಿಗಿಹಿಡಿದು ಅತ್ತಿತು. ಪಾದ್ರಿ ಆತುರಪಡದೆ ಅದು ಬಾಯಿ ತೆರೆಯುವವರೆಗೂ ಕಾದರು. ಅಷ್ಟೂ ಜನ ಅವರೊಂದಿಗೆ ಕಾದರು.

ಆಮೇಲೆ ದೊಡ್ಡವರ ಸಾಲು ಚಲಿಸತೊಡಗಿತು. ಶೆರಿನ್ ಫೋನ್ ಬಂತೆಂದು ಹೊರಗೆ ಹೋಗಿದ್ದಳು. ಮನನಾ ಬೆಬೊ ಕಾಲು ನೋವೆಂದು ಹಲಗೆಯ ಮೇಲೆ ಕೂತಿದ್ದರು. ಜೀವಮಾನದ ಅಭ್ಯಾಸ ನೋಡಿ, ಸಾಲು ಕಂಡ ಕೂಡಲೇ ನನ್ನ ಕಾಲು ತಾನಾಗಿ ಹೋಗಿ ಸೇರಿಕೊಂಡಿತು. ನನ್ನ ಮುಂದೆ ಇನ್ನು ಮೂರೇ ಜನ ಇದ್ದರು. ನೀಲಿ ಸ್ಕಾರ್ಫಿನ ಹೆಂಗಸೊಬ್ಬಳು ಹತ್ತಿರ ಬಂದು ಮೆಲ್ಲಗೆ, “ಆರ್ಥೊಡಾಕ್ಸ್?” ಎಂದು ಕೇಳಿದಳು.

“ಕ್ರಿಶ್ಚಿಯನ್. ಇಂಡಿಯಾ,” ಎಂದೆ.

ಅವಳು ತಲೆಯಲ್ಲಾಡಿಸಿದಳು. ನನ್ನ ಮಣಿಕಟ್ಟು ಹಿಡಿದು ಸಾಲಿನಿಂದ ಈಚೆಗೆ ಕರೆತಂದಳು. ಒರಟಾಗಿ ಎಳೆಯಲಿಲ್ಲ, ಮುಖದಲ್ಲಿ ಸಿಟ್ಟೂ ಇರಲಿಲ್ಲ. ಆರ್ಥೊಡಾಕ್ಸ್ ಪಂಥದವರಿಗಷ್ಟೇ ಕೊಡುವುದು ಅವಳ ಸಭೆಯ ನಿಯಮ, ತಪ್ಪೆಂದು ಹೇಗೆ ಹೇಳಲಿ? ಆದರೂ ನನ್ನ ಕಿವಿ ಬಿಸಿಯಾಯಿತು. ಎಲ್ಲರೂ ನೋಡುತ್ತಿದ್ದಾರೆ ಅನ್ನಿಸಿತು. ಯಾಕೆಂದು ನನಗೇ ಗೊತ್ತಾಗದೆ ಕೈ ನೋಡಿಕೊಂಡೆ. ಬೆರಳ ತುದಿಯಲ್ಲಿ ಹಿಪ್ಪುನೇರಳೆಯ ಕಲೆಯಿತ್ತು. ಸೆರಗಿಗೆ ಒರೆಸಿಕೊಂಡೆ.

ಒರೆಸಿಕೊಳ್ಳುತ್ತಿರುವಾಗಲೇ ಪ್ರಿಸಿಲ್ಲಾ ನೆನಪಾದಳು. ಹೋಗಿ ಮನನಾ ಬೆಬೊ ಪಕ್ಕದಲ್ಲಿ ಕೂತುಬಿಟ್ಟೆ.

ಪ್ರಿಸಿಲ್ಲಾ ನನ್ನ ಸಂಡೇ ಸ್ಕೂಲಿನ ಎಂಟು ವರ್ಷದ ಹುಡುಗಿ. ನಾನು ಪ್ರವಾಸ ಹೊರಡುವುದಕ್ಕೆ ನಾಲ್ಕು ತಿಂಗಳ ಹಿಂದಿನ ಮಾತು. ಹಿಂದಿನ ಕೋಣೆಯ ಹೆಂಚು ರಿಪೇರಿಯಲ್ಲಿದ್ದುದರಿಂದ ಆ ಭಾನುವಾರ ಮಕ್ಕಳೆಲ್ಲ ಚರ್ಚಿನೊಳಗೇ ಉಳಿದಿದ್ದರು. ಅಂದು ಪ್ರಭುಭೋಜನ. ನಮ್ಮಲ್ಲಿ ಮಕ್ಕಳಿಗೆ ಅದಿಲ್ಲ. ಹದಿನಾಲ್ಕೋ ಹದಿನೈದೋ ವಯಸ್ಸಿಗೆ ಪಾಠ ಕಲಿತು, ಉತ್ತರ ಒಪ್ಪಿಸಿ, ದೃಢೀಕರಣವಾದ ಮೇಲೆಯೇ. ಪ್ರಿಸಿಲ್ಲಾ ಅಮ್ಮನ ಜೊತೆ ನಡೆದು ಬಂದು, ನನ್ನ ಪಕ್ಕದಲ್ಲೇ ಮಂಡಿಯೂರಿ, ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಹಿಡಿದಳು. ಪಾಸ್ಟರ್ ತಡವರಿಸಿದರು. ನಾನು ಅವಳ ಕೈಯನ್ನು ಕೆಳಗೆ ಎಳೆದೆ. ಕೈ ಕೊಳೆಯಾಗಿದೆ ಎಂದುಕೊಂಡಳೇನೋ, ಫ್ರಾಕಿಗೆ ಒರೆಸಿ ಮತ್ತೆ ಬೊಗಸೆ ಚಾಚಿದಳು. ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿ ಹಿಂದಕ್ಕೆ ಕರೆದೊಯ್ದೆ.

ಅವಳು ಅಳಲಿಲ್ಲ. ಮುಂದಿನ ಭಾನುವಾರದಿಂದ ಬರಲೂ ಇಲ್ಲ. ಹಾಜರಿಯಲ್ಲಿ ಅವಳ ಹೆಸರು ಕೂಗಿ, ಉತ್ತರ ಬಾರದಿದ್ದಾಗ ಮುಂದಿನ ಹೆಸರಿಗೆ ಹೋಗುತ್ತಿದ್ದೆ.

ಮನನಾ ಬೆಬೊ ಅಡುಗೆಮನೆ

ಅಂದು ಮಧ್ಯಾಹ್ನ ಮನನಾ ಬೆಬೊ ಬೇಯಿಸಿದ ಕಾಳನ್ನು ಅರೆದು, ಕಣಕದೊಳಗೆ ತುಂಬಿ ತಟ್ಟುತ್ತಿದ್ದರು. ಕೈಯ ತಿರುವೆಲ್ಲ ನಮ್ಮ ಹೋಳಿಗೆಯದೇ, ಬೆಲ್ಲದ ಜಾಗದಲ್ಲಿ ಮಾತ್ರ ಉಪ್ಪು, ಮೆಣಸು. ಅವರಿಗೆ ಎಲ್ಲವನ್ನೂ ಹೇಳಿದೆ. ಶೆರಿನ್ ಒಂದೊಂದೇ ವಾಕ್ಯವನ್ನು ದಾಟಿಸುತ್ತ ಹೋದಳು. ಅವಳಿಗೂ ಈ ಕಥೆ ಹೊಸದು.

“ಹದಿನಾಲ್ಕು ವರ್ಷದವರೆಗೂ ಹಸಿದಿರಬೇಕಾ ಮಗು?” ಎಂದರು ಬೆಬೊ.

“ಅರ್ಥ ಆಗಬೇಕಲ್ಲ. ಏನು ತಗೋತಿದೀನಿ ಅಂತ ತಿಳಿಯದೆ ಹೇಗೆ ತಗೋಳೋದು?” ಎಂದೆ. ಮೂವತ್ತು ವರ್ಷ ನಾನೇ ಹೇಳಿಕೊಟ್ಟ ಉತ್ತರವದು.

“ಎದೆಹಾಲು ಕುಡಿಯೋಕೆ ಮುಂಚೆ ಮಗೂಗೆ ಹಾಲು ಅಂದ್ರೇನು ಅಂತ ಪಾಠ ಮಾಡ್ತೀರಾ?” ಎಂದು ಕೇಳಿ ಅವರು ಕೈಗೆ ಹಿಟ್ಟು ಹಚ್ಚಿಕೊಂಡರು. “ನಾನು ಹುಟ್ಟಿದಾಗ ಇಲ್ಲಿ ಕಮ್ಯುನಿಸ್ಟರ ಆಡಳಿತ. ನನ್ನಪ್ಪ ಪಾರ್ಟಿಯವನು. ಅಜ್ಜಿ ನನ್ನನ್ನ ಶಾಲಿನಲ್ಲಿ ಸುತ್ತಿಕೊಂಡು, ತರಕಾರಿ ತರ್ತೀನಿ ಅಂತ ಹೇಳಿ ಹೋಗಿ ದೀಕ್ಷಾಸ್ನಾನ ಮಾಡಿಸ್ಕೊಂಡು ಬಂದ್ಲಂತೆ. ನನಗೇನು ಅರ್ಥ ಆಗಿತ್ತು? ಅಜ್ಜಿಗೆ ನಾನು ಹೊರಗೆ ಉಳಿಯೋದು ಬೇಡವಾಗಿತ್ತು, ಅಷ್ಟೆ.”

ನನಗೂ ಹಟ ಬಂತು. “ಹಾಗಾದ್ರೆ ಬೆಳಗ್ಗೆ ನನ್ನನ್ನ ಯಾಕೆ ಹೊರಗೆ ತಂದ್ರು? ನಮ್ಮ ಚರ್ಚಿಗೆ ನೀವು ಬಂದಿದ್ರೆ ಕೊಡ್ತಿದ್ವಿ.”

ಶೆರಿನ್ ಅದನ್ನು ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಹೇಳಿದಳು. ಬೆಬೊ ರೊಟ್ಟಿಯನ್ನು ಬಾಣಲೆಗೆ ಹಾಕಿದರು. ಇಲ್ಲಿಯವರು ಕೂಸನ್ನು ಒಳಗೆ ಕರೆದು ದೂರದ ಅತಿಥಿಯನ್ನು ತಡೆಯುತ್ತಾರೆ. ನಾವು ಅತಿಥಿಯನ್ನು ಕರೆದು ನಮ್ಮದೇ ಕೂಸನ್ನು ತಡೆಯುತ್ತೇವೆ. ಮಕ್ಕಳನ್ನು ಕರೆತಂದವರನ್ನು ಶಿಷ್ಯರು ಗದರಿದ್ದು, ಯೇಸು ಆ ಶಿಷ್ಯರ ಮೇಲೆಯೇ ಸಿಟ್ಟಾದದ್ದು, ಈ ಪ್ರಸಂಗವನ್ನು ನಾನು ಬಣ್ಣದ ಚಿತ್ರ ತೋರಿಸಿ ಎಷ್ಟು ಸಲ ಪಾಠ ಮಾಡಿರಬಹುದು! ಚಿತ್ರದಲ್ಲಿ ನಾನು ಯಾವಾಗಲೂ ಮಕ್ಕಳ ಪಕ್ಕದಲ್ಲಿ ನಿಂತಿದ್ದೇನೆ ಎಂದುಕೊಂಡಿದ್ದೆ. ಗದರುವವರ ಗುಂಪಿನಲ್ಲಿ ನನ್ನನ್ನು ಹುಡುಕಿಕೊಂಡಿರಲಿಲ್ಲ.

“ಅದನ್ನ ನನ್ನ ಕೇಳಿದ್ರೆ ಹೇಗೆ?” ಎಂದರು ಬೆಬೊ ರೊಟ್ಟಿ ಮಗುಚುತ್ತ. “ನಾನೇನು ಪಾದ್ರಿಯಾ? ಆ ಹುಡುಗಿ ಬರೋದು ಬಿಟ್ಟಳಲ್ಲ, ನೀನು ಅವಳ ಮನೆಗೆ ಹೋದೆಯಾ?”

ಇಲ್ಲವೆಂದು ತಲೆಯಲ್ಲಾಡಿಸಿದೆ.

“ನಾಲ್ಕು ತಿಂಗಳು! ಇಷ್ಟು ದೂರ ವಿಮಾನದಲ್ಲಿ ಬರೋಕೆ ಆಗುತ್ತೆ, ಪಕ್ಕದ ಊರಿಗೆ ಹೋಗೋಕೆ ಆಗಲಿಲ್ವಾ?”

“ದೊಡ್ಡಮ್ಮ, ಇದು ನಾನು ಹೇಳ್ತಿರೋದಲ್ಲ, ಅವರು,” ಎಂದಳು ಶೆರಿನ್ ಗಾಬರಿಯಿಂದ.

“ಗೊತ್ತು ಕಣೇ,” ಎಂದೆ. ಬೆಬೊ ಬಿಸಿ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿ, ತಿನ್ನು ಎಂದು ಕೈ ತೋರಿಸಿದರು.

ಭದ್ರಾವತಿ

ಊರಿಗೆ ಬಂದ ಮೂರನೇ ದಿನ ಪ್ರಿಸಿಲ್ಲಾಳ ಮನೆಗೆ ಹೋದೆ. ಹಳೆಯ ಕ್ವಾರ್ಟರ್ಸಿನ ಎರಡು ಕೋಣೆಯ ಮನೆ. ಅವಳ ತಾಯಿ ಸ್ಟೆಲ್ಲಾ ಹೊಲಿಗೆ ಯಂತ್ರ ಬಿಟ್ಟು ಎದ್ದಳು. ಮನೆಯಲ್ಲಿ ತಮಿಳು, ನನ್ನೊಂದಿಗೆ ಕನ್ನಡ.

“ವಾಂಗಕ್ಕಾ, ಕೂತ್ಕೊಳ್ಳಿ. ಇವ್ಳಿಗೆ ಭಾನುವಾರ ಬಂದ್ರೆ ಹೊಟ್ಟೆನೋವು. ಡಾಕ್ಟ್ರಿಗೂ ತೋರಿಸ್ದೆ, ಏನಿಲ್ಲ ಅಂದ್ರು.”

ಸ್ಟೆಲ್ಲಾ ನನ್ನನ್ನು ದೂರಲಿಲ್ಲ. ದೂರಿದ್ದರೆ ಹಗುರವಾಗುತ್ತಿತ್ತು. ಪ್ರಿಸಿಲ್ಲಾ ಬಾಗಿಲ ಪರದೆ ಹಿಡಿದು ನಿಂತಿದ್ದಳು. ನಾನು ಕುರ್ಚಿಯಿಂದ ಇಳಿದು ಅವಳೆತ್ತರಕ್ಕೆ ನೆಲದ ಮೇಲೆ ಕೂತೆ.

“ಅವತ್ತು ನಿನ್ನ ಕೈ ಎಳೆದದ್ದು ನನ್ನ ತಪ್ಪು ಪುಟ್ಟಿ. ಅದನ್ನ ಹೇಳೋಕೆ ಬಂದೆ.”

“ನಾನೇನ್ ಮಾಡಿದ್ದೆ ಟೀಚರ್?”

“ಏನೂ ಮಾಡಿರಲಿಲ್ಲ.”

“ಮತ್ತೆ ಯಾಕೆ ಎಳೆದ್ರಿ?”

“ಹಾಗಂತ ಒಂದು ನಿಯಮ ಇದೆ. ಅದು ಸರೀನಾ ಅಂತ ಈಗ ನನಗೇ ಗೊತ್ತಾಗ್ತಿಲ್ಲ.”

ಅವಳು ಪರದೆ ಬಿಟ್ಟು ಈಚೆಗೆ ಬಂದಳು. “ಅಮ್ಮಂಗೆ ಕೊಟ್ರು. ನಾನು ಅಮ್ಮನ ಪಕ್ಕದಲ್ಲೇ ಇದ್ದೆ,” ಎಂದಳು.

ಈ ಮಾತನ್ನು ಇದ್ದ ಹಾಗೆಯೇ ಸಭೆಯ ಹಿರಿಯರ ಮುಂದೆ ಇಟ್ಟೆ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಹಿರಿಯರೊಬ್ಬರು, “ಏನ್ ಟೀಚರ್, ಫಾರಿನ್‌ಗೆ ಹೋಗಿ ಹೊಸ ಉಪದೇಶ ತಂದ್ರಾ?” ಎಂದು ನಕ್ಕರು. “ಅರ್ಥ ಆಗದೆ ತಗೊಂಡ್ರೆ ಏನು ಪ್ರಯೋಜನ ಹೇಳಿ.”

“ನಿಮಗೆ ಪೂರ್ತಿ ಅರ್ಥ ಆಗಿದೆಯಾ ಅಯ್ಯಾ? ನನಗಂತೂ ಆಗಿಲ್ಲ,” ಎಂದೆ.

ನಗು ನಿಂತಿತು. ವಾದ ಮಾತ್ರ ಮೂರು ಸಂಜೆ ನಡೆಯಿತು. ರೊಟ್ಟಿಯ ವಿಷಯ ನಮ್ಮ ಕೈಯಲ್ಲಿಲ್ಲ, ಮೇಲಿನವರಿಗೆ ಪತ್ರ ಬರೆಯೋಣ ಎಂದರು ಪಾಸ್ಟರ್. ಆದರೆ ಇನ್ನು ಮುಂದೆ ಮಕ್ಕಳನ್ನು ಹಿಂದಿನ ಕೋಣೆಗೆ ಕಳಿಸುವುದು ಬೇಡ, ಮುಂದಿನ ಬೆಂಚಿನಲ್ಲೇ ಕೂರಲಿ ಎಂಬುದಕ್ಕೆ ಎಲ್ಲರೂ ಒಪ್ಪಿದರು. ಫೋರ್‌ಮನ್ ಅಯ್ಯನವರು ಕೂಡ ಒಪ್ಪಿದರು, ಗೊಣಗುತ್ತಲೇ. ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಮುಂದಿನ ಬೆಂಚು ಮಕ್ಕಳಿಂದ ತುಂಬಿತ್ತು. ಒಬ್ಬರು ಇನ್ನೊಬ್ಬರನ್ನು ತಳ್ಳುತ್ತಿದ್ದರು, ಯಾರೋ ಸೀನಿದರು, ಹಿಂದಿನಿಂದ ಯಾರೋ “ಶ್!” ಎಂದರು. ಬೆಂಚಿನ ತುದಿಯಲ್ಲಿ ನಾನು ಕೂತಿದ್ದೆ. ಪ್ರಭುಭೋಜನಕ್ಕೆ ಜನ ಎದ್ದರು. ನಾನು ಏಳಲಿಲ್ಲ. ಚಿಕ್ಕವನೊಬ್ಬ ಬಗ್ಗಿ, “ಟೀಚರ್, ನೀವು ಹೋಗಲ್ವಾ?” ಎಂದ.

“ಇವತ್ತು ನಿಮ್ಮ ಜೊತೆ ಕೂತ್ಕೋತೀನಿ.”

ತಡವಾಗಿ ಬಂದ ಸ್ಟೆಲ್ಲಾ ಮಗಳನ್ನು ನಮ್ಮ ಬೆಂಚಿನ ಹತ್ತಿರ ಬಿಟ್ಟು ಮುಂದೆ ಹೋದಳು. ಪ್ರಿಸಿಲ್ಲಾ ಒಂದು ಗಳಿಗೆ ನಿಂತಳು. ಆಮೇಲೆ ನನ್ನ ಮತ್ತು ಕಂಬದ ನಡುವಿನ ಸಂದಿಯಲ್ಲಿ ನುಸುಳಿ ಕೂತು, ಕತ್ತು ಉದ್ದ ಮಾಡಿ, ಅಮ್ಮ ಮಂಡಿಯೂರಿದ ಕಡೆ ನೋಡಲು ಹವಣಿಸಿದಳು.

“ಟೀಚರ್, ಸ್ವಲ್ಪ ಆ ಕಡೆ ಸರ್ಕೊಳ್ಳಿ. ನೀವು ಅಡ್ಡ, ನನಗೆ ಕಾಣ್ತಿಲ್ಲ.”

ನಾನು ಸರಿದು ಕೂತೆ.